ದನಕ್ಕೆ ಹನ್ನೆರಡು ಗುಂಟೆ

ಬರಹ ಉದ್ದ ಇದೆ. ಆಫೀಸು ಮುಗಿಸಿ ಬಂದು ಮೂರು ರಾತ್ರಿ ಕೂತು ಬರೆದೆ. ಪುರುಸೊತ್ತು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತು ಬಿದ್ದಿದ್ದು ನಿಮಗೆಲ್ಲ ನೆನಪಿದೆ. ಹುಲಿ ಹಿಡಿದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು ಅಂತ ತನಿಖೆಯಲ್ಲಿ ಬಂತು. ಕೆಲವರ ಬಂಧನವಾಯ್ತು. ಮುಂದಿನ ತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಕಾಡಿನಲ್ಲಿ ಸಾಕುದನ ಮೇಯಿಸುವುದನ್ನು ನಿಷೇಧಿಸಲು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಮದ್ರಾಸ್ ಹೈಕೋರ್ಟಿನ ತೀರ್ಪು ಇದಕ್ಕೆ ಆಧಾರ ಅಂದರು. ಕಾಡಂಚಿನ ರೈತರು ಸಿಟ್ಟಾದರು. ವನ್ಯಜೀವಿ ಪ್ರಿಯರು ಚಪ್ಪಾಳೆ ಹೊಡೆದರು.

ಅದೇ ಸಮಯದಲ್ಲಿ ನಮ್ಮ ಕಡೆಯ ಒಂದು ಸಭೆಯಲ್ಲಿ ಇದೇ ಚರ್ಚೆ. ರೈತ ಸಂಘದ ಹಿರಿಯರೊಬ್ಬರು, "ನೂರಾರು ವರ್ಷದಿಂದ ಮೇಯಿಸ್ಕೊಂಡು ಬಂದಿದೀವಿ, ಇದು ನಮ್ಮ ಹಕ್ಕು" ಅಂದ್ರು. ಪರಿಸರದ ಬಗ್ಗೆ ಕಾಳಜಿ ಇರೋ ಒಬ್ಬ ಹುಡುಗ, "ಕಾಡು ಹುಲಿಗೆ, ಜಿಂಕೆಗೆ ಬಿಟ್ಬಿಡಿ ಅಣ್ಣ" ಅಂದ. ಇಬ್ಬರ ಮಾತಲ್ಲೂ ಅರ್ಥ ಇತ್ತು. ಆಮೇಲೆ ಯಾರೋ ನನ್ನ ಕಡೆ ತಿರುಗಿ, "ದಲಿತ ಸಂಘಟನೆಯವರ ನಿಲುವೇನು ಸಾರ್?" ಅಂದ್ರು. ನನಗೆ ತಕ್ಷಣ ಉತ್ತರ ಬರಲಿಲ್ಲ. ಮನೆಗೆ ಬಂದು ಯೋಚನೆ ಮಾಡಿದೆ. ಯಾಕೆ ಬರಲಿಲ್ಲ ಅಂದ್ರೆ, ಈ ಚರ್ಚೆಯಲ್ಲಿ ಇಬ್ಬರು ಇದ್ದಾರೆ: ದನದ ಯಜಮಾನ ಮತ್ತು ಕಾಡಿನ ಯಜಮಾನ. ದನದ ಹಿಂದೆ ನಡೆದವನು ಇಲ್ಲ. ನನ್ನಪ್ಪ ದನದ ಹಿಂದೆ ನಡೆದವನು.

ನಮ್ಮದು ಚಾಮರಾಜನಗರ ಸೀಮೆಯ ಕಾಡಂಚಿನ ಊರು. ಹೆಸರು ಬೇಡ. ನಮ್ಮ ತಾತ ಮಗಳ ಮದುವೆಗೆ ಊರಿನ ಯಜಮಾನರ ಹತ್ರ ಸಾಲ ಮಾಡಿದ. ಸಾಲ ತೀರೋವರೆಗೂ ಅಂತ ಎಂಟು ವರ್ಷದ ಮಗನನ್ನು ಜೀತಕ್ಕೆ ಬಿಟ್ಟ. ಆ ಮಗನೇ ನನ್ನಪ್ಪ. ಕೊಟ್ಟಿಗೆ ಬಾಚೋದು, ಸಗಣಿ ತಿಪ್ಪೆಗೆ ಹಾಕೋದು, ಆಮೇಲೆ ತಂಗಳಿಟ್ಟು ಕಟ್ಕೊಂಡು ನಲವತ್ತು ದನ ಹೊಡ್ಕೊಂಡು ಕಾಡಿಗೆ ಹೋಗೋದು. ಹೊತ್ತು ಮುಳುಗೋ ಹೊತ್ತಿಗೆ ನಲವತ್ತೂ ವಾಪಸ್ ಬರಬೇಕು. ಒಂದು ಕಮ್ಮಿಯಾದ್ರೂ ಅವತ್ತು ಹಿಟ್ಟಿಲ್ಲ, ಹುಡುಕ್ಕೊಂಡು ಕತ್ತಲಲ್ಲೇ ಕಾಡಿಗೆ ಹೋಗಬೇಕು.

ಮೇವಿಗೆ ಪಾಸು ಇತ್ತು. ಅರಣ್ಯ ಇಲಾಖೆಯವರು ದನಕ್ಕೆ ಇಷ್ಟು ಅಂತ ಕಟ್ಟಿಸಿಕೊಂಡು ಬರೆದುಕೊಡುತ್ತಿದ್ದ ಚೀಟಿ. ಪಾಸು ಯಜಮಾನರ ಹೆಸರಲ್ಲಿ. ಇಪ್ಪತ್ತು ದನಕ್ಕೆ ಪಾಸು, ಹೋಗ್ತಾ ಇದ್ದಿದ್ದು ನಲವತ್ತು. ಒಂದ್ಸಲ ಗಾರ್ಡು ಹಿಡಿದ. ಅಪ್ಪನಿಗಾಗ ಹನ್ನೆರಡೋ ಹದಿಮೂರೋ. ಬೆನ್ನಿಗೆ ನಾಲ್ಕು ಬಿತ್ತು, ದನ ದೊಡ್ಡಿಗೆ ಹೋದವು. ಯಜಮಾನರು ದಂಡ ಕಟ್ಟಿ ದನ ಬಿಡಿಸಿಕೊಂಡು ಬಂದರು. ಇದರಲ್ಲಿ ವಿಶೇಷ ಏನಿಲ್ಲ, ಎಲ್ಲ ಕಡೆ ನಡೀತಿತ್ತು. ಆದ್ರೆ ಆ ದಂಡದ ದುಡ್ಡು ಎಲ್ಲಿಗೆ ಹೋಯ್ತು ಗೊತ್ತಾ? ತಾತನ ಸಾಲದ ಲೆಕ್ಕಕ್ಕೆ ಸೇರಿತು. "ನಿನ್ನ ಮಗ ಸರಿಯಾಗಿ ನೋಡ್ಕಂಡಿದ್ರೆ ದನ ಯಾಕೆ ದೊಡ್ಡಿಗೆ ಹೋಗವು?" ಅಂದ್ರಂತೆ. ತಾತ "ಆಯ್ತು ಬುದ್ದಿ" ಅಂದು ಬಂದನಂತೆ. ದನ ಅವರದ್ದು, ಹಾಲು ಅವರದ್ದು, ಗೊಬ್ಬರ ಅವರದ್ದು, ಪಾಸು ಅವರದ್ದು. ಏಟು ಮತ್ತು ದಂಡ ನಮ್ಮದು.

ಅಪ್ಪ ಇದನ್ನ ನಗ್ತಾ ಹೇಳ್ತಿದ್ದ. ನನಗೆ ನಗು ಬರ್ತಿರಲಿಲ್ಲ. ಬಿ.ಎ.ನಲ್ಲಿ ಇತಿಹಾಸ ಓದಿದ ಮೇಲೆ ಈ ಪಾಸು, ಈ ದೊಡ್ಡಿ, ಈ ಗೋಮಾಳ ಎಲ್ಲ ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದೆ. ಹುಡುಕಿದಾಗ ಸಿಕ್ಕಿದ್ದನ್ನ ಹೇಳ್ತೀನಿ.

ರಾಜರ ದನ

ಮೈಸೂರು ಸೀಮೆಯಲ್ಲಿ ಮೇವಿನ ಭೂಮಿಯ ದೊಡ್ಡ ಕತೆ ಶುರುವಾಗೋದು ಕಾವಲುಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಆ ದನಗಳಿಗೆ ಅಂತಲೇ ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲು ಮೀಸಲಿಟ್ಟರು. ಹೈದರಾಲಿ ಕಾಲಕ್ಕೆ ಬೆಣ್ಣೆಗಿಂತ ಎತ್ತು ಮುಖ್ಯವಾಯ್ತು. ಫಿರಂಗಿ ಎಳೆಯೋಕೆ, ಯುದ್ಧದ ಸಾಮಾನು ಹೊರೋಕೆ ಈ ತಳಿಯ ಎತ್ತುಗಳಿಗೆ ಸಮ ಇರಲಿಲ್ಲ. ಟಿಪ್ಪು ಇದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟು, ನಿಯಮ ಬರೆಸಿ ಗಟ್ಟಿ ಮಾಡಿದ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು ಅಂತ ವಿಂಗಡಣೆ ಇತ್ತು. ಹಿಂಡು ಕಾವಲಿಂದ ಕಾವಲಿಗೆ ತಿರುಗ್ತಾ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಮಾಡಿದ ಮೊದಮೊದಲ ಕೆಲಸಗಳಲ್ಲಿ ಈ ಹಿಂಡನ್ನ ತಮ್ಮ ಸೈನ್ಯಕ್ಕೆ ಇಟ್ಕೊಂಡಿದ್ದೂ ಒಂದು.

ಲಕ್ಷಗಟ್ಟಲೆ ಎಕರೆ ಭೂಮಿ. "ಕಾವಲು" ಅನ್ನೋ ಹೆಸರಲ್ಲೇ ಇದೆ, ಇದು ಕಾಯೋ ಜಾಗ, ಬೇರೆಯವರು ಒಳಗೆ ಬರೋ ಹಾಗಿಲ್ಲ ಅಂತ. ಆ ಹಿಂಡುಗಳಿಗೆ ಸೇರ್ವೆಗಾರರು ಇದ್ದರು, ಗೊಲ್ಲರು ಇದ್ದರು, ಅವರ ಹೆಸರು ಲೆಕ್ಕದಲ್ಲಿ ಇತ್ತು. ಹೊಲಗೇರಿಯವನು ಆ ಲೆಕ್ಕದಲ್ಲಿ ಎಲ್ಲಿದ್ದ? ದನ ಸತ್ತಾಗ ಬೇಕಾಗ್ತಿದ್ದ. ಹೊತ್ತುಕೊಂಡು ಹೋಗಿ ಚರ್ಮ ಸುಲಿಯೋದಕ್ಕೆ. ಸತ್ತ ದನದ ಮೇಲೆ ಮಾತ್ರ ನಮಗೆ ಹಕ್ಕು ಕೊಟ್ಟಿದ್ರು, ಅದನ್ನೂ ಕೀಳು ಅಂತ ಕರೆದ್ರು.

ಸರ್ಕಾರದ ಮರ

ಬ್ರಿಟಿಷರಿಗೆ ದನಕ್ಕಿಂತ ಮರ ಬೇಕಾಯ್ತು. ರೈಲ್ವೆ ಹಳಿಗೆ, ಹಡಗಿಗೆ. ಕಾಡಿನ ಮೇಲೆ ಯಾರಿಗೆ ಹಕ್ಕು ಅಂತ 1870ರ ದಶಕದಲ್ಲಿ ಅವರವರಲ್ಲೇ ದೊಡ್ಡ ಜಗಳ ಆಯ್ತು. ಬೇಡನ್-ಪೊವೆಲ್ ಅನ್ನೋ ಅಧಿಕಾರಿ, ಕಾಡು ಪೂರ್ತಿ ಸರ್ಕಾರದ್ದು, ಜನ ಮಾಡ್ಕೊಂಡು ಬಂದಿದ್ದೆಲ್ಲ ಬರೀ ರಿಯಾಯಿತಿ, ಹಕ್ಕಲ್ಲ ಅನ್ನೋ ಕಡೆ. ಅರಣ್ಯ ಇಲಾಖೆಯ ಮುಖ್ಯಸ್ಥ ಬ್ರ್ಯಾಂಡಿಸ್ ಮಧ್ಯದ ದಾರಿ ಹುಡುಕ್ತಿದ್ದ. ಮದ್ರಾಸಿನ ರೆವಿನ್ಯೂ ಬೋರ್ಡು ಇದಕ್ಕೆ ವಿರುದ್ಧ ನಿಂತಿತ್ತು. ನಮ್ಮ ಪ್ರಾಂತ್ಯದಲ್ಲಿ ಯಾವುದಾದರೂ ಒಂದು ಹಳ್ಳಿಯ ಎಲ್ಲೆಗೆ ಸೇರದ ಕಾಡೇ ಇಲ್ಲವಲ್ಲ, ಹಳ್ಳಿಯವರ ಮೇವು ಸೌದೆಯ ಹಕ್ಕು ಹೇಗೆ ಕಿತ್ತುಕೊಳ್ತೀರಿ ಅನ್ನೋದು ಅದರ ವಾದ. ಕೊನೆಗೆ 1878ರಲ್ಲಿ ಅರಣ್ಯ ಕಾಯ್ದೆ ಬಂತು, 1882ರಲ್ಲಿ ಮದ್ರಾಸಿಗೆ ಬೇರೆಯದೇ ಕಾಯ್ದೆ ಬಂತು. ಮಹದೇಶ್ವರ ಬೆಟ್ಟ ಇರೋ ಕೊಳ್ಳೇಗಾಲ ಸೀಮೆ 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಹುಲಿ ಸತ್ತ ಆ ಕಾಡಿಗೆ ಅನ್ವಯಿಸಿದ್ದು ಮದ್ರಾಸಿನ ಕಾಯ್ದೆ. ಇದಕ್ಕೂ ಮೊದಲೇ, 1871ರಲ್ಲಿ, ದನ ಅತಿಕ್ರಮಣದ ಕಾಯ್ದೆ ಬಂದಿತ್ತು. ಅಪ್ಪನ ದನ ಹೋಗಿ ಸೇರಿದ ದೊಡ್ಡಿ ಈ ಕಾಯ್ದೆಯ ಕೂಸು.

ಈ ಜಗಳವನ್ನ ಇವತ್ತಿನ ಪರಿಸರ ಇತಿಹಾಸಕಾರರು ತುಂಬಾ ಬರೆದಿದ್ದಾರೆ. ಸರ್ಕಾರ ಒಂದು ಕಡೆ, ಹಳ್ಳಿ ಇನ್ನೊಂದು ಕಡೆ ಅಂತ. ನನ್ನ ತಕರಾರು ಒಂದೇ. ಯಾವ ಹಳ್ಳಿ? ಹಳ್ಳಿ ಅಂದ್ರೆ ಊರು ಮತ್ತು ಕೇರಿ. ಹಳ್ಳಿಯ ಹಕ್ಕು ಅಂತ ಬರೆದಾಗಲೆಲ್ಲ ಅದು ಊರಿನ ಹಕ್ಕಾಗಿತ್ತು. ಕೇರಿಗೆ ಎಷ್ಟು ದನ ಇತ್ತು, ಯಾವ ಕೆರೆಯಲ್ಲಿ ಅವು ನೀರು ಕುಡಿಯಬಹುದಿತ್ತು ಅಂತ ಯಾರೂ ಬರೆದಿಡಲಿಲ್ಲ.

ಒಬ್ಬರು ಬರೆದರು. ಜೋತಿಬಾ ಫುಲೆ. 1883ರ "ಶೇತಕರ್‍ಯಾಚಾ ಅಸೂಡ್" ಪುಸ್ತಕದಲ್ಲಿ ಅವರು ಅರಣ್ಯ ಇಲಾಖೆ ಬೆಟ್ಟ, ಕಣಿವೆ, ಬೀಳು, ಗೋಮಾಳ ಎಲ್ಲವನ್ನೂ ನುಂಗಿ, ಬಡ ರೈತನ ಆಡು ಕುರಿಗೆ ಕಾಲಿಡೋಕೂ ಜಾಗ ಇಲ್ಲದ ಹಾಗೆ ಮಾಡಿದೆ ಅಂತ ಸಿಟ್ಟಿನಿಂದ ಬರೆದಿದ್ದಾರೆ. ಗಮನಿಸಿ, ಅದೇ ಪುಸ್ತಕದಲ್ಲಿ ಶೂದ್ರ ರೈತನನ್ನು ಸುಲಿಯೋ ಪುರೋಹಿತರನ್ನೂ, ಭ್ರಷ್ಟ ನೌಕರಶಾಹಿಯನ್ನೂ ಅವರು ಬಿಡಲಿಲ್ಲ. ಕಾಡಿನ ಪ್ರಶ್ನೆ ಮತ್ತು ಜಾತಿ ಪ್ರಶ್ನೆ ಎರಡನ್ನೂ ಒಂದೇ ಹೊಲಿಗೆಯಲ್ಲಿ ಹೊಲಿದವರು ಫುಲೆ. ನಾವು ಆಮೇಲೆ ಆ ಹೊಲಿಗೆ ಬಿಚ್ಚಿಬಿಟ್ವಿ.

ಖರಾಬು

ಪಹಣಿ ನೋಡಿದವರಿಗೆ ಗೊತ್ತು, ಅದರಲ್ಲಿ ಖರಾಬು ಅಂತ ಒಂದು ಕಾಲಂ ಇದೆ. ಕಂದಾಯ ಹುಟ್ಟದ ಭೂಮಿ ಖರಾಬು. ಹುಲ್ಲುಬನ್ನಿ ಖರಾಬು ಅಂತಲೂ ಬರೆದಿರೋದು ನೋಡಿದೀನಿ. ಹುಲ್ಲು ಬೆಳೆಯುತ್ತೆ, ದನ ಮೇಯುತ್ತೆ, ಆದ್ರೂ ಖರಾಬು. ಈ ಖರಾಬು, ಬಂಜರು, ಬೀಳು ಅಂತ ಬರೆದ ಭೂಮಿಯ ಮೇಲೇ ನಮ್ಮ ಜನರ ಕಣ್ಣು ಬಿದ್ದಿದ್ದು, ಯಾಕಂದ್ರೆ ಒಳ್ಳೇ ಭೂಮಿ ಎಲ್ಲ ಆಗಲೇ ಹಂಚಿಹೋಗಿತ್ತು.

ಚೆಂಗಲ್‌ಪಟ್ಟು ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹೀರ್ 1891ರಲ್ಲಿ ಪರೈಯರ ಸ್ಥಿತಿ ಬಗ್ಗೆ ಒಂದು ವರದಿ ಕೊಟ್ಟ. ಅಸ್ಪೃಶ್ಯರು ಬಂಜರು ಭೂಮಿಗೆ ದರಖಾಸ್ತು ಹಾಕಿದ್ರೆ ಊರಿನ ಮಿರಾಸುದಾರರು ಅಡ್ಡ ಬರ್ತಾರೆ, ಬಂಜರು ಕೂಡ ತಮ್ಮದೇ ಅಂತಾರೆ ಅಂತ ಅದರಲ್ಲಿ ತೋರಿಸಿದ. ಆಮೇಲೆ 1892ರಲ್ಲಿ ಮದ್ರಾಸ್ ಸರ್ಕಾರ ಅಂಥ ಭೂಮಿಯನ್ನ ಅಸ್ಪೃಶ್ಯರಿಗೆ ಕೊಡೋ ಆದೇಶ ಹೊರಡಿಸಿತು. ತಮಿಳುನಾಡಿನಲ್ಲಿ ಇವತ್ತೂ ಪಂಚಮಿ ಭೂಮಿ ಅಂತ ಹೋರಾಟ ನಡೀತಿರೋದು ಅದರದ್ದೇ.

ಬಾಬಾಸಾಹೇಬರು 1947ರಲ್ಲಿ "ಸ್ಟೇಟ್ಸ್ ಅಂಡ್ ಮೈನಾರಿಟೀಸ್" ಬರೆದಾಗ ಸರ್ಕಾರದ ಸಾಗುವಳಿಯಾಗದ ಭೂಮಿಯನ್ನ ಪರಿಶಿಷ್ಟ ಜಾತಿಯವರ ಪ್ರತ್ಯೇಕ ನೆಲೆಗಳಿಗಾಗಿ ತೆಗೆದಿಡಬೇಕು, ಅದಕ್ಕೊಂದು ಆಯೋಗ ಬೇಕು ಅಂತ ಕೇಳಿದರು. ಅದು ಸಂವಿಧಾನಕ್ಕೆ ಬರಲಿಲ್ಲ. ದಾದಾಸಾಹೇಬ್ ಗಾಯಕ್‌ವಾಡ್ ಅದನ್ನೇ ಬೀದಿಗೆ ತಂದರು. ಮರಾಠವಾಡದಲ್ಲಿ ಗೋಮಾಳಕ್ಕೆ ಗಾಯರಾನ ಅಂತಾರೆ. 1950ರ ದಶಕದಿಂದ ದಲಿತರು ಆ ಗಾಯರಾನಕ್ಕೆ ನುಗ್ಗಿ ಉಳುಮೆ ಮಾಡಿದರು. 1959ರಲ್ಲಿ, ಆಮೇಲೆ 1964ರ ಡಿಸೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷ ಭೂಮಿಗಾಗಿ ಸತ್ಯಾಗ್ರಹ ಮಾಡಿ ಜೈಲು ತುಂಬಿತು. 1991ರಲ್ಲಿ ಮಹಾರಾಷ್ಟ್ರ ಸರ್ಕಾರ 1990ರ ಏಪ್ರಿಲ್ 14ರವರೆಗಿನ ಇಂಥ ಸಾಗುವಳಿಯನ್ನ ಸಕ್ರಮ ಮಾಡೋ ಆದೇಶ ಹೊರಡಿಸಿತು. ಆ ತಾರೀಕು ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ 70, 80ರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಯಲ್ಲಿ ಸರ್ಕಾರಿ ಭೂಮಿ ಕೇಳಿತು. ಎಷ್ಟೋ ಕಡೆ ಊರಿನವರು ತಿರುಗಿ ಬಿದ್ದು ಹೇಳಿದ್ದು ಒಂದೇ ಮಾತು: "ಅದು ಗೋಮಾಳ, ದನ ಎಲ್ಲಿ ಮೇಯಬೇಕು?"

ಹನ್ನೆರಡು ಗುಂಟೆ

ಜೀತ ನಿಷೇಧದ ಕಾಯ್ದೆ 1976ರಲ್ಲಿ ಬಂತು. ಯಜಮಾನರು ಸಾಲದ ಚೀಟಿ ಹರಿದು ಹಾಕಲಿಲ್ಲ, ಸುಮ್ಮನಾದರು ಅಷ್ಟೇ. ಅಪ್ಪ ಕೂಲಿಗೆ ಹೋದ. 80ರ ದಶಕದಲ್ಲಿ ಕೇರಿಯ ಆರು ಮನೆಯವರು ಸೇರಿ ಗೋಮಾಳದ ಮೂಲೆಯಲ್ಲಿ ಕಲ್ಲು ಆರಿಸಿ, ಮುಳ್ಳು ಕಡಿದು, ಎರಡೆರಡು ಎಕರೆ ಹಸನು ಮಾಡಿದರು. ರಾಗಿ, ಹುರುಳಿ, ಅವರೆ ಬೆಳೆದರು. ಬಗರ್ ಹುಕುಂ ಸಕ್ರಮಕ್ಕೆ ಫಾರಂ 53 ಬಂದಾಗ ಅಪ್ಪ ಅರ್ಜಿ ಹಾಕಿದ. ನಾನೇ ತುಂಬಿದ್ದು. ನಾನಾಗ ಕಾಲೇಜಲ್ಲಿದ್ದೆ, ಅಕ್ಷರ ದುಂಡಗೆ ಇದೆ ಅಂತ ಆರೂ ಮನೆಯವರ ಅರ್ಜಿ ನನ್ನ ಕೈಲೇ ಬರೆಸಿದರು.

ಎಷ್ಟೋ ವರ್ಷ ಆದ ಮೇಲೆ ಹಿಂಬರಹ ಬಂತು. ದನಗಳ ಸಂಖ್ಯೆಗೆ ಅನುಗುಣವಾಗಿ ಗೋಮಾಳ ಕೊರತೆ ಇರುವುದರಿಂದ ಅರ್ಜಿ ತಿರಸ್ಕರಿಸಿದೆ. ಒಂದೇ ಸಾಲು. ಆರು ಜನಕ್ಕೂ ಅದೇ ಸಾಲು.

ನಾನು ಆ ನಿಯಮ ತೆಗೆದು ಓದಿದೆ. ಕರ್ನಾಟಕ ಭೂಕಂದಾಯ ನಿಯಮಗಳು, 1966, ನಿಯಮ 97. ಪ್ರತಿ 100 ದನಕ್ಕೆ 12 ಹೆಕ್ಟೇರ್ ಸರ್ಕಾರಿ ಭೂಮಿಯನ್ನ ಉಚಿತ ಮೇವಿಗೆ ಮೀಸಲಿಡಬೇಕು. 12 ಹೆಕ್ಟೇರ್ ಅಂದ್ರೆ ಹತ್ರಹತ್ರ 30 ಎಕರೆ. ಗುಮಾಸ್ತನಿಗೆ ಭಾಗಾಕಾರ ಕಷ್ಟ ಅಲ್ಲ. ಒಂದು ದನಕ್ಕೆ ಸುಮಾರು 12 ಗುಂಟೆ. ಒಳ್ಳೇ ನಿಯಮ, ನಾನು ಬೇಡ ಅನ್ನಲ್ಲ. ದನಕ್ಕೂ ಹೊಟ್ಟೆ ಇದೆ. ಆದ್ರೆ ಭೂಮಿ ಇಲ್ಲದ ಮನುಷ್ಯನಿಗೆ ತಲೆಗೆ ಇಷ್ಟು ಗುಂಟೆ ಮೀಸಲಿಡಬೇಕು ಅಂತ ಇಂಥದ್ದೇ ಒಂದು ನಿಯಮ ಇದೆಯಾ ಅಂತ ಹುಡುಕಿದೆ. ಹಂಚೋಕೆ ನಿಯಮ ಇದೆ, ಅರ್ಜಿ ಹಾಕೋಕೆ ಫಾರಂ ಇದೆ, ಶಾಸಕರ ಅಧ್ಯಕ್ಷತೆಯ ಸಮಿತಿ ಇದೆ. ತಲೆ ಲೆಕ್ಕದ ಮೀಸಲು ಮಾತ್ರ ದನಕ್ಕೆ.

ಇನ್ನೊಂದು ಲೆಕ್ಕ ಇದೆ. ಆ ದನಗಳು ಯಾರವು? ನಮ್ಮೂರಲ್ಲಿ ಆಗ ಹೆಚ್ಚಿನ ದನ ಊರಿನವು. ಹತ್ತು ದನ ಇದ್ದವನ ಹೆಸರಲ್ಲಿ ಮೂರು ಎಕರೆ ಗೋಮಾಳ ನಿಲ್ಲುತ್ತೆ. ದನ ಇಲ್ಲದವನ ಹೆಸರಲ್ಲಿ ಸೊನ್ನೆ. ದನ ಇದ್ದವನಿಗೆ ಜಮೀನೂ ಇತ್ತು. ಅಂದ್ರೆ ಜಮೀನು ಇದ್ದವನಿಗೆ ಮೇಲೆ ಇನ್ನಷ್ಟು ಜಮೀನು ಮೀಸಲು. ಆ ಮೀಸಲಾತಿ ಬಗ್ಗೆ ಯಾರೂ ಗಲಾಟೆ ಮಾಡಿದ್ದು ನಾನು ಕೇಳಿಲ್ಲ.

ಮತ್ತೆ 2018ರಲ್ಲಿ ಫಾರಂ 57 ಬಂತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ. ಅವ್ವನ ಹೆಸರಲ್ಲಿ ಹಾಕಿದೀನಿ. ಇನ್ನೂ ಉತ್ತರ ಬಂದಿಲ್ಲ.

ಬಡವನ ಎರಡು ಎಕರೆಗೆ ಇಷ್ಟು ಕಟ್ಟುನಿಟ್ಟಾದ ಮೇವಿನ ಲೆಕ್ಕ ದೊಡ್ಡವರಿಗೆ ಎಷ್ಟು ಬೇಗ ಸಡಿಲ ಆಗುತ್ತೆ ಅನ್ನೋದಕ್ಕೆ ಚಳ್ಳಕೆರೆ ನೋಡಿ. 2008ರಿಂದ ಈಚೆಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣು ಸಂಶೋಧನೆ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ, ಸೋಲಾರ್ ಕಂಪನಿ ಅಂತ ಹಂಚಿಹೋಯ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಒಂದಕ್ಕೇ 4,000 ಎಕರೆಗಿಂತ ಹೆಚ್ಚು. ಗೋಡೆ ಎದ್ದ ಮೇಲೆ ಸುತ್ತಲಿನ ಹಳ್ಳಿಗಳ ಕುರಿ, ದನ ಹೊರಗೆ ನಿಂತವು. ಜನ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು, 2014ರಲ್ಲಿ ತೀರ್ಪೂ ಬಂತು. ಗೋಡೆ ಬೀಳಲಿಲ್ಲ. ಟಿಪ್ಪು ಕಾಲದ ಕಾವಲು ಗೋಡೆಯೊಳಗೆ ಹೋಗುವಾಗ "ದನ ಎಲ್ಲಿ ಮೇಯಬೇಕು" ಅನ್ನೋ ಪ್ರಶ್ನೆಗೆ ಬೆಲೆ ಇರಲಿಲ್ಲ. ನಮ್ಮಪ್ಪನ ಅರ್ಜಿಗೆ ಮಾತ್ರ ಅದು ಉತ್ತರ ಆಯ್ತು.

ಹುಲಿಯ ಕಾಡು

ಈಗ ಕಾಡಿಗೆ ಬರ್ತೀನಿ. ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ದನ ಮೇದ್ರೆ ಕಾಡಿಗೆ ಏನೂ ಆಗಲ್ಲ ಅನ್ನೋದು ಸುಳ್ಳು. ಹುಲ್ಲು ಒಂದೇ, ಅದನ್ನ ಕಾಟಿ, ಕಡವೆ, ಜಿಂಕೆಯೂ ತಿನ್ನಬೇಕು. ರೋಗವೂ ದಾಟುತ್ತೆ. 1968ರಲ್ಲಿ ಬಂಡೀಪುರ, ಮುದುಮಲೆ ಕಡೆ ದೊಡ್ಡರೋಗ ಬಂದು ಕಾಟಿಗಳು ಸಾಲುಸಾಲಾಗಿ ಸತ್ತಿದ್ದು ದಾಖಲಾಗಿದೆ. ಹುಲಿಗೆ ವಿಷ ಹಾಕೋದು ಕೊಲೆ, ಅದಕ್ಕೆ ಬಡತನದ ಸಬೂಬು ಕೊಡೋಕೆ ನಾನು ತಯಾರಿಲ್ಲ.

ಆದ್ರೆ ಇಲ್ಲೂ ಇತಿಹಾಸ ಇದೆ. ಬಂಡೀಪುರ 1931ರಲ್ಲಿ ಮಹಾರಾಜರು ಮಾಡಿದ ವನ್ಯಜೀವಿ ಉದ್ಯಾನ, 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆಗಳಲ್ಲಿ ಒಂದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ಸಾಕುದನ ಕಾಲಿಡೋ ಹಾಗೇ ಇಲ್ಲ. ವನ್ಯಧಾಮದಲ್ಲಿ ಹಾಗಲ್ಲ, ಅಲ್ಲಿ ಮೇವನ್ನ ನಿಯಂತ್ರಿಸೋ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗಿದೆ. ಮಹದೇಶ್ವರ ಬೆಟ್ಟ ವನ್ಯಧಾಮ. ಮದ್ರಾಸ್ ಹೈಕೋರ್ಟು ಕೂಡ 2022ರಲ್ಲಿ ಮೊದಲು ಎಲ್ಲ ಕಾಡಿಗೂ ನಿಷೇಧ ಅಂದು, ಕೆಲವೇ ದಿನದಲ್ಲಿ ಅದನ್ನ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಹುಲಿ ಮೀಸಲಿಗೆ ಸೀಮಿತ ಮಾಡಿತು. ಈ ವ್ಯತ್ಯಾಸಗಳನ್ನ ಬಿಟ್ಟು "ಕಾಡಲ್ಲಿ ದನ ನಿಷೇಧ" ಅಂತ ಒಂದೇ ಮಾತಲ್ಲಿ ಹೇಳಿದ್ರೆ ಅದು ಕಾನೂನಲ್ಲ, ಗದರಿಕೆ.

ಇನ್ನೂ ಮುಖ್ಯವಾದ ಪ್ರಶ್ನೆ: ಕಾಡಿಗೆ ಹೋಗೋ ದನ ಯಾರ ಲಾಭಕ್ಕೆ ಹೋಗುತ್ತೆ? ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಬಂಡೀಪುರದ ಅಂಚಿನ ಹಳ್ಳಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. 90ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಕಾಫಿ ಬೆಳೆ ಹಾಳಾಗಿ ಕಾಫಿಗೆ ಬೆಲೆ ಏರಿತು, ಇಲ್ಲಿನ ಕಾಫಿ ತೋಟಗಳಿಗೆ ಗೊಬ್ಬರ ಬೇಕಾಯ್ತು, ಸಗಣಿ ಮಾರಾಟದ ಸರಕಾಯ್ತು. ದನ ಸಾಕೋದು ಉಳುಮೆಗೆ, ಹಾಲಿಗೆ ಅನ್ನೋದಕ್ಕಿಂತ ಸಗಣಿಗೆ ಅನ್ನೋ ಹಾಗಾಯ್ತು. ಕಾಡಿನ ಹುಲ್ಲು ದನದ ಹೊಟ್ಟೆ ಹೊಕ್ಕು, ಲಾರಿ ಹತ್ತಿ ತೋಟ ಸೇರ್ತಾ ಇತ್ತು. ನಮ್ಮೂರಲ್ಲೂ ಆ ಲಾರಿಗಳು ಬರ್ತಿದ್ದವು. ತಿಪ್ಪೆಯಿಂದ ಲಾರಿಗೆ ತುಂಬೋ ಕೂಲಿ ನಮ್ಮ ಕೇರಿ ಹೆಂಗಸರದ್ದು. ಅವ್ವನೂ ಹೋಗಿದಾಳೆ. ಕೇಸು ಆಗೋದು ಕಾಡಲ್ಲಿ ಸಿಕ್ಕ ದನಗಾಹಿ ಮೇಲೆ. ತೋಟದ ಮಾಲೀಕನ ಮೇಲೆ, ನಲವತ್ತು ದನ ಬಿಟ್ಟು ಜಗಲಿ ಮೇಲೆ ಕೂತವನ ಮೇಲೆ ಆಗಿದ್ದು ನಾನು ನೋಡಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನ ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಸೆಕ್ಷನ್ 3(1)(ಡಿ). ಓದಿ ಖುಷಿಪಟ್ಟೆ. ಆಮೇಲೆ ಷರತ್ತು ಓದಿದೆ. ಪರಿಶಿಷ್ಟ ಪಂಗಡ ಅಲ್ಲದವರು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಪರಿಶಿಷ್ಟ ಜಾತಿಯವರೂ ಇದರೊಳಗೇ ಬರ್ತಾರೆ. ನನ್ನ ತಾತ, ಅಪ್ಪ ಇಬ್ಬರೂ ಆ ಕಾಡಲ್ಲಿ ಹೆಜ್ಜೆ ಸವೆಸಿದ್ರು. ಸಾಕ್ಷಿ? ಮೇವಿನ ಪಾಸು ಇದೆ, ಯಜಮಾನರ ಹೆಸರಲ್ಲಿ. ದಂಡದ ರಸೀದಿ ಇದೆ, ಅದೂ ಯಜಮಾನರ ಹೆಸರಲ್ಲಿ. ಅಪ್ಪನ ಹತ್ರ ಇದ್ದಿದ್ದು ಬೆನ್ನ ಮೇಲಿನ ಗುರುತು. ಅದನ್ನ ಯಾವ ಸಮಿತಿ ಮುಂದೆ ಇಡೋಣ?

ಹಾಗಾದ್ರೆ ನಿಲುವೇನು?

ಇವತ್ತು ಅವ್ವನ ಹತ್ರ ಒಂದು ಹಸು ಇದೆ. ಸಂಘದ ಸಾಲದಲ್ಲಿ ತಗೊಂಡಿದ್ದು. ಡೇರಿಗೆ ಹಾಲು ಹಾಕ್ತಾಳೆ. ಗೋಮಾಳ ಉಳಿದಿರೋದು ಸ್ವಲ್ಪ, ಕಾಡಿಗೆ ಹೋಗೋಣ ಅಂದ್ರೆ ಆನೆ ಕಂದಕ, ಸೋಲಾರ್ ಬೇಲಿ. ರಸ್ತೆ ಪಕ್ಕದ ಹುಲ್ಲು ಕೊಯ್ದು ತಲೆ ಮೇಲೆ ಹೊತ್ಕೊಂಡು ಬರ್ತಾಳೆ. 2020ರ ಗೋಹತ್ಯೆ ನಿಷೇಧದ ಕಾಯ್ದೆ ಆದ ಮೇಲೆ ಹಸು ಮುದಿಯಾದ್ರೆ ಕೊಳ್ಳೋರೂ ಇಲ್ಲ, ಬಿಡೋಕೂ ಆಗಲ್ಲ.

ಅಂದ್ರೆ ನಮ್ಮ ಒಂದೇ ಮನೆಯಲ್ಲಿ ಎರಡೂ ಕಡೆ ಇದೆ. ಅಪ್ಪನಿಗೆ ಗೋಮಾಳ ಉಳೋಕೆ ಬೇಕಿತ್ತು. ಅವ್ವನಿಗೆ ಗೋಮಾಳ ಮೇಯಿಸೋಕೆ ಬೇಕು. ಹಾಗಾಗಿ ದಲಿತರು ಮೇವಿಗೆ ವಿರೋಧ ಅನ್ನೋದೂ ಸುಳ್ಳು, ದಲಿತರು ರೈತ ಸಂಘದ ಹಿಂದೆ ಕಣ್ಣು ಮುಚ್ಕೊಂಡು ನಿಲ್ಲಬೇಕು ಅನ್ನೋದೂ ತಪ್ಪು. ಕುರಿ ಹಿಂಡಿನ ಹಿಂದೆ ತಿರುಗೋ ಕುರುಬ, ಕಾಡುಗೊಲ್ಲ ನಮ್ಮ ಶತ್ರು ಅಲ್ಲ. ಅವರನ್ನ ನಮ್ಮ ಎದುರು ನಿಲ್ಲಿಸಿ ಮೂರನೆಯವರು ಗೋಡೆ ಕಟ್ಕೊಂಡಿದ್ದನ್ನ ಚಳ್ಳಕೆರೆಯಲ್ಲಿ ನೋಡಿದೀವಿ.

ಆ ಸಭೆಯಲ್ಲಿ ಕೊಡಬೇಕಾಗಿದ್ದ ಉತ್ತರ ಇದು. ಮೇಯಿಸಬೇಕಾ ಬೇಡವಾ ಅನ್ನೋದಕ್ಕೂ ಮೊದಲು, ಯಾರ ದನ, ಯಾರ ಹೆಸರಲ್ಲಿ ಕಾಗದ, ಸಿಕ್ಕಿಬಿದ್ರೆ ಯಾರ ಬೆನ್ನು ಅಂತ ಕೇಳಿ. ನಿಷೇಧ ತರೋದಾದ್ರೆ ಒಂದು ಎರಡು ದನದ ಮನೆಯನ್ನೂ, ನಲವತ್ತು ದನದ ಯಜಮಾನನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೇಸು ಹಾಕೋದಾದ್ರೆ ದನದ ಮಾಲೀಕನ ಮೇಲೆ ಹಾಕಿ, ಕೂಲಿಗೆ ಕಾಯೋ ಹುಡುಗನ ಮೇಲಲ್ಲ. ಕಾಡು ಮುಚ್ಚೋ ದಿನವೇ ಬಡವರ ಮನೆಗೆ ಮೇವು ತಲುಪಬೇಕು, ಮುಚ್ಚಿ ಮೂರು ವರ್ಷ ಆದ ಮೇಲಲ್ಲ. ಅರಣ್ಯ ಹಕ್ಕು ಸಮಿತಿಗಳು ಕಾಗದ ಇಲ್ಲದವನ ಬಾಯಿಮಾತನ್ನೂ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಬರೆದುಕೊಳ್ಳಬೇಕು. ಕಾಯ್ದೆಯ ನಿಯಮದಲ್ಲೇ ಹಿರಿಯರ ಹೇಳಿಕೆಗೆ ಜಾಗ ಇದೆ, ಕೇಳಿ ಬರೆಸಿ.

ಗೋಮಾಳದ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2011ರ ಜಗಪಾಲ್ ಸಿಂಗ್ ತೀರ್ಪನ್ನ ಎಲ್ಲರೂ ಹೇಳ್ತಾರೆ: ಊರೊಟ್ಟಿನ ಭೂಮಿಯ ಒತ್ತುವರಿ ತೆರವು ಮಾಡಿ ಅಂತ. ಅದೇ ತೀರ್ಪಿನಲ್ಲಿ ಒಂದು ವಿನಾಯಿತಿ ಇದೆ. ಸರ್ಕಾರದ ಆದೇಶದ ಮೇಲೆ ಭೂರಹಿತ ಕೂಲಿಗಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕೊಟ್ಟಿದ್ದರೆ ಸಕ್ರಮ ಮಾಡಬಹುದು ಅಂತ. ಅಂದ್ರೆ ಮೊದಲು ಸರ್ಕಾರ ಆದೇಶ ಮಾಡಬೇಕು. ಅದಕ್ಕೆ ಒತ್ತಾಯ ಮಾಡೋಣ. ತೆರವಿನ ನೋಟಿಸು ಬಂದಾಗ ಈ ಪ್ಯಾರಾ ತೆಗೆದು ತೋರಿಸಿ. ಬರೆದುಕೊಡೋಕೆ ಜನ ಇಲ್ಲ ಅಂದ್ರೆ ನನಗೆ ಮೆಸೇಜು ಮಾಡಿ, ಭಾನುವಾರ ಕೂತು ಬರೆದುಕೊಡ್ತೀನಿ. ನನ್ನ ಅಕ್ಷರ ಇನ್ನೂ ದುಂಡಗೇ ಇದೆ.

ಕೊನೆಗೆ ಒಂದು ಬೇಡಿಕೆ, ಎಲ್ಲ ಸಂಘಟನೆಗಳ ಗೆಳೆಯರಿಗೂ. ಮುಂದಿನ ಮನವಿ ಪತ್ರದಲ್ಲಿ ಇದನ್ನ ಸೇರಿಸಿ: ಒಂದು ದನಕ್ಕೆ 12 ಗುಂಟೆ ಲೆಕ್ಕ ಹಾಕೋ ಸರ್ಕಾರ, ಪ್ರತಿ ಹಳ್ಳಿಯಲ್ಲಿ ಭೂಮಿ ಇಲ್ಲದ ತಲೆಗಳನ್ನೂ ಎಣಿಸಿ, ಅದಕ್ಕೆ ತಕ್ಕ ಭೂಮಿ ಮೊದಲೇ ಮೀಸಲಿಡಲಿ. ಉಳಿದ ಗೋಮಾಳದ ಮೇಲೆ ಕೇರಿಯ ಹಸುವಿಗೂ ಊರಿನ ಹಸುವಿನಷ್ಟೇ ಹಕ್ಕಿರಲಿ.

ಅಪ್ಪ ತೀರಿಕೊಳ್ಳೋ ಮುಂಚೆ ಒಂದ್ಸಲ ಆ ಹಿಂಬರಹ ಓದಿ ಹೇಳು ಅಂದ. ಓದಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಅಷ್ಟು ದನನೂ ನಾನೇ ಮೇಯಿಸಿದ್ದು ಕನಾ ಮಗ" ಅಂದ. ಆ ಹಿಂಬರಹ ನನ್ನ ಹತ್ರ ಈಗಲೂ ಇದೆ. ಫಾರಂ 57ರ ಉತ್ತರ ಬಂದ ದಿನ ಎರಡನ್ನೂ ಒಟ್ಟಿಗೆ ಇಲ್ಲೇ ಹಾಕ್ತೀನಿ.

ಜೈಭೀಮ್.